ಪಿಸ್ತೂಲಿನ ಲೈಟನ್ನು ಟಾರ್ಚ್ ಮಾಡಿಕೊಳ್ಳಬೇಡಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಯಾರ ಮನೆಯಲ್ಲಾದರೂ ಪಿಸ್ತೂಲು ಇದ್ದರೆ, ಅದಕ್ಕೆ ಲೈಟ್ ಹಾಕಿಸಿದ್ದರೆ ಅಥವಾ ಹಾಕಿಸೋಣ ಅಂತ ಯೋಚಿಸುತ್ತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಗುಂಡು ತುಂಬಿದ ಪಿಸ್ತೂಲು ನಮ್ಮಮ್ಮನ ಕಡೆಗೆ ತಿರುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಹಿಡಿದಿದ್ದವನು ಕಳ್ಳನಲ್ಲ. ಹಬ್ಬಕ್ಕೆ ಬನ್ನಿ ಅಂತ ಪ್ರೀತಿಯಿಂದ ಕರೆದಿದ್ದ ನನ್ನ ಗೆಳೆಯ.

ನಾವಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ 2021ರ ಸೆಪ್ಟೆಂಬರ್‌ನಿಂದ, 21 ವರ್ಷ ತುಂಬಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೇ ಹ್ಯಾಂಡ್‌ಗನ್ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ನಮ್ಮವರು ಗನ್ ಕೊಳ್ಳುವುದು ಸುಮ್ನೆ ಶೋಕಿಗೂ ಅಲ್ಲ. ಭಾರತ ಮತ್ತು ಏಷ್ಯಾದ ಬೇರೆ ದೇಶಗಳ ಮೂಲದವರ ಮನೆಗಳನ್ನೇ ಪಟ್ಟಿ ಮಾಡಿ, ಚಿನ್ನ ಸಿಗುತ್ತದೆ ಅಂತ ಒಳಗೆ ನುಗ್ಗಿ ದರೋಡೆ ಮಾಡುತ್ತಿದ್ದ ಗ್ಯಾಂಗ್ ಒಂದಿತ್ತು. 2011ರಿಂದ 2014ರವರೆಗೆ ಜಾರ್ಜಿಯಾ, ನ್ಯೂಯಾರ್ಕ್, ಓಹಾಯೊ, ಮಿಶಿಗನ್, ಟೆಕ್ಸಸ್ ಎಲ್ಲ ಕಡೆ ಅದರ ಕೈಚಳಕ ನಡೆಯಿತು. ಅದರ ನಾಯಕಿಗೆ 2019ರಲ್ಲಿ 37 ವರ್ಷ ಜೈಲಾಯಿತು. ಇಂಥ ಸುದ್ದಿ ಓದಿದವರಿಗೆ ರಾತ್ರಿ ಸಣ್ಣ ಸದ್ದಾದರೂ ಎದೆ ಹೊಡೆದುಕೊಳ್ಳುತ್ತದೆ. ನನ್ನ ಗೆಳೆಯನದೂ ಅದೇ ಕಥೆ. ಗ್ರೀನ್ ಕಾರ್ಡ್ ಬಂದ ಮೇಲೆ ಕಾನೂನು ಪ್ರಕಾರವೇ ಗ್ಲಾಕ್ 19 ಕೊಂಡ. ರೇಂಜಿಗೆ ಹೋಗಿ ಗುರಿಯಿಟ್ಟು ಹೊಡೆಯುವುದನ್ನೂ ಕಲಿತ. ಆಮೇಲೆ ಬ್ಯಾರೆಲ್ (ನಳಿಗೆ) ಕೆಳಗೆ ಲೈಟ್ ಸಿಕ್ಕಿಸುವ ರೇಲಿಗೆ 1000 ಲುಮೆನ್‌ನ, ಅಂದರೆ ಕಣ್ಣು ಕುಕ್ಕುವಷ್ಟು ಪ್ರಖರವಾದ ಲೈಟ್ ಹಾಕಿಸಿದ. ಕತ್ತಲಲ್ಲಿ ಆ ಲೈಟ್ ಇಟ್ಟುಕೊಂಡು ಹೇಗೆ ನಡೆಯಬೇಕು ಅನ್ನುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದೀಪಾವಳಿಗೆ ನಾವು ಅವರ ಮನೆಯಲ್ಲಿ ಉಳಿದುಕೊಂಡಿದ್ದೆವು. ಅಮ್ಮ ಸಾಗರದಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಇಲ್ಲಿಗೆ ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೆಲ್ಲ ಗೊತ್ತು, ಜೆಟ್ ಲ್ಯಾಗ್ ಅವರನ್ನು ಮಲಗಲು ಬಿಡುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಅಮ್ಮನಿಗೆ ಎಚ್ಚರವಾಗಿದೆ. ಬಾಯಾರಿಕೆ. ಮಕ್ಕಳು ಮಲಗಿದ್ದಾರೆ, ಬೇರೆಯವರ ಮನೆ, ಯಾರಿಗೂ ತೊಂದರೆ ಆಗಬಾರದು ಅಂತ ಒಂದು ಲೈಟೂ ಹಾಕದೆ ಗೋಡೆ ತಡವುತ್ತಾ ಅಡುಗೆಮನೆಗೆ ಹೋಗಿದ್ದಾರೆ. ಅಲ್ಲಿ ಪಾತ್ರೆಯ ಮುಚ್ಚಳವೊಂದು ಜಾರಿ ಬಿತ್ತು. ಆ ಸದ್ದಿಗೆ ನನಗೂ ಎಚ್ಚರವಾಯಿತು, ಗೆಳೆಯನಿಗೂ ಆಯಿತು.

ನಾನು ಬಾಗಿಲು ತೆಗೆದು ಹಾಲ್‌ಗೆ ಬರುವಷ್ಟರಲ್ಲಿ ಅವನು ಅಲ್ಲಿ ನಿಂತಿದ್ದ. ಎಡಗೈಯಲ್ಲಿ 911ಕ್ಕೆ, ಅಂದರೆ ಪೊಲೀಸರಿಗೆ ಕರೆ ಮಾಡಲು ಅಂತ ಫೋನ್. ಬಲಗೈಯಲ್ಲಿ ಪಿಸ್ತೂಲು. ಲೈಟ್ ಹತ್ತಿತು. ಬೆಳಕಿನ ಆ ದುಂಡನೆಯ ವೃತ್ತದ ನಡುವೆ ಅಮ್ಮ. ಕಣ್ಣಿಗೆ ಬೆಳಕು ಹೊಡೆದಿದ್ದೇ ತಡ, ಸ್ಟೀಲ್ ಲೋಟ ಹಿಡಿದಿದ್ದ ಕೈಯನ್ನು ಥಟ್ಟನೆ ಮುಖಕ್ಕೆ ಅಡ್ಡ ಹಿಡಿದರು. "ಯಾರಪ್ಪಾ ಅದು, ಕಣ್ಣಿಗೆ ಬಿಡಬೇಡ್ವೋ" ಅಂದರು. ನಾನು "ಅಮ್ಮ ಕಣೋ! ಅಮ್ಮ!" ಅಂತ ಕಿರುಚಿದೆ. ಅವನು ಕೈ ಇಳಿಸಿದ. ಗುಂಡು ಹಾರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಆಗದೇ ಹೋಗಿದ್ದಕ್ಕೆ ಅದೃಷ್ಟ ಬಿಟ್ಟರೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಆ ಒಂದೆರಡು ಕ್ಷಣ ಇಬ್ಬರಿಗೂ ಏನು ಕಾಣುತ್ತಿತ್ತು ನೋಡಿ. ಅಮ್ಮನಿಗೆ ಬೆಳಕು ಬಿಟ್ಟರೆ ಇನ್ನೇನೂ ಕಾಣಲಿಲ್ಲ. ಅವರು ಅದನ್ನು ಟಾರ್ಚ್ ಅಂದುಕೊಂಡರು. ಹಿಂದೆ ಪಿಸ್ತೂಲು ಇದೆ, ಅಲ್ಲಾಡಬಾರದು ಅಂತ ಅವರಿಗೆ ಗೊತ್ತಾಗುವುದಾದರೂ ಹೇಗೆ? ಯಾರ ಕಣ್ಣಿಗೆ ಬೆಳಕು ಬಿಟ್ಟರೂ ಅವರು ಮಾಡುವುದು ಅದನ್ನೇ, ಕೈ ಎತ್ತುತ್ತಾರೆ. ಇತ್ತ ಗೆಳೆಯನಿಗೆ ಕಂಡಿದ್ದು ಕತ್ತಲಲ್ಲಿ ಒಂದು ಆಕಾರ, ಥಟ್ಟನೆ ಮೇಲೆದ್ದ ಕೈ, ಆ ಕೈಯಲ್ಲಿ ಫಳಫಳ ಹೊಳೆಯುವ ಏನೋ ಒಂದು. ಲೋಟ ಅಂತ ತಿಳಿಯುವ ಮೊದಲೇ ಗಾಬರಿ ಬಿದ್ದಿದ್ದರೆ?

"ನಾನು ಟ್ರಿಗರ್ ಮೇಲೆ ಬೆರಳಿಟ್ಟಿರಲಿಲ್ಲ" ಅಂತ ಅವನು ಆಮೇಲೆ ಹೇಳಿದ. ನಾನು ನಂಬುತ್ತೇನೆ. ಆದರೆ ಅವನ ಎಡಗೈಯಲ್ಲಿ ಫೋನ್ ಇತ್ತು. ಹಾಗಾಗಿ ಲೈಟಿನ ಸ್ವಿಚ್ ಒತ್ತಿದ್ದು ಬಲಗೈ ತೋರುಬೆರಳು. ಟ್ರಿಗರ್ ಎಳೆಯುವುದೂ ಅದೇ ಬೆರಳು. ಸ್ವಿಚ್ ಇರುವುದು ಟ್ರಿಗರ್ ಗಾರ್ಡಿಗೆ (ಟ್ರಿಗರ್ ಸುತ್ತಲಿನ ಬಳೆಗೆ) ಅಂಟಿಕೊಂಡ ಹಾಗೆ, ಮುಂದುಗಡೆ. ನಿದ್ದೆಗಣ್ಣಿನಲ್ಲಿ, ಕೈ ನಡುಗುವಾಗ, ಒಂದೇ ಬೆರಳಿಗೆ ಇವೆರಡು ಕೆಲಸ ಒಪ್ಪಿಸುವುದು ನನಗಂತೂ ಭಯ ಹುಟ್ಟಿಸುತ್ತದೆ. 2010ರಲ್ಲಿ ಡಾಲಸ್ ಪಕ್ಕದ ಪ್ಲೇನೋದಲ್ಲಿ, ಅಂದರೆ ನಮ್ಮವರು ಇಷ್ಟೊಂದು ಜನ ಇರುವ ಊರಿನಲ್ಲೇ, ಪೊಲೀಸ್ ಅಧಿಕಾರಿಯೊಬ್ಬರ ಗುಂಡಿಗೆ ಒಬ್ಬ ಸತ್ತ. ಲೈಟ್ ಹಾಕಲು ಹೋಗಿ ಟ್ರಿಗರ್ ಒತ್ತಿಬಿಟ್ಟೆ ಅಂತ ಅಧಿಕಾರಿ ಹೇಳಿದರು. ಆ ಲೈಟಿನ ಸ್ವಿಚ್ ಹಿಡಿಕೆಯ ಮೇಲೆ, ಟ್ರಿಗರ್ ಗಾರ್ಡಿನ ಕೆಳಗೇ ಇತ್ತು. ತರಬೇತಿ ಪಡೆದ ಪೊಲೀಸರಿಗೇ ಹೀಗಾಗುತ್ತದೆ.

ಗನ್ ಕಲಿಸುವವರು ಮೊದಲ ದಿನವೇ ಹೇಳುವ ಮಾತೊಂದಿದೆ: ಹಾಳಾದರೂ ಪರವಾಗಿಲ್ಲ ಅನ್ನುವಂಥದ್ದರ ಕಡೆಗೆ ಮಾತ್ರ ಬ್ಯಾರೆಲ್ ತಿರುಗಿಸಬೇಕು. ಎದುರಿಗಿರುವುದು ಯಾರು ಅಂತ ಖಾತ್ರಿಯಾಗದೆ ಹೊಡೆಯಬಾರದು ಅನ್ನುವುದು ಇನ್ನೊಂದು. ಲೈಟ್ ಇರುವುದು ಈ ಎರಡನೆಯದಕ್ಕೆ, ಅದು ನಿಜಕ್ಕೂ ಬೇಕು. ಕತ್ತಲಲ್ಲಿ ಕುರುಡಾಗಿ ಹೊಡೆಯುವುದಕ್ಕಿಂತ ಬೆಳಕು ಸಾವಿರ ಪಾಲು ಮೇಲು. ತೊಂದರೆ ಏನೆಂದರೆ, ಬೆಳಕನ್ನು ಪಿಸ್ತೂಲಿಗೇ ಅಂಟಿಸಿದರೆ ನೀವು ನೋಡಿದ ಕಡೆಗೆಲ್ಲ ಬ್ಯಾರೆಲ್ಲೂ ಹೋಗುತ್ತದೆ. ಯಾರು ಅಂತ ತಿಳಿಯುವ ಮೊದಲೇ ಅವರ ಮೇಲೆ ಗನ್ ಹಿಡಿದಾಗಿರುತ್ತದೆ. ರಾತ್ರಿ ಮನೆಯಲ್ಲಿ ಓಡಾಡುವವರು ಯಾರು ಹೇಳಿ? ಮಕ್ಕಳು, ಅತ್ತೆ ಮಾವ, ಊರಿಂದ ಬಂದ ಅಪ್ಪ ಅಮ್ಮ.

ಅದಕ್ಕೇ ಹೇಳುತ್ತೇನೆ. ಮೊದಲು ಒಂದು ಒಳ್ಳೆಯ ಕೈಟಾರ್ಚ್ ತಗೊಳ್ಳಿ, ಹಾಸಿಗೆ ಪಕ್ಕದಲ್ಲಿಡಿ. ಹಾಲ್‌ನಲ್ಲಿ, ಅಡುಗೆಮನೆ ದಾರಿಯಲ್ಲಿ, ಬಾತ್‌ರೂಮ್ ಹತ್ತಿರ ಪ್ಲಗ್ಗಿಗೆ ಸಿಕ್ಕಿಸುವ ನೈಟ್ ಲ್ಯಾಂಪ್ ಹಾಕಿ. ಸದ್ದಾದರೆ ಹಾಸಿಗೆ ಪಕ್ಕದಿಂದಲೇ "ಯಾರು?" ಅಂತ ಜೋರಾಗಿ ಕೂಗಿ. ಕನ್ನಡದಲ್ಲೇ ಕೂಗಿ. ಅಮ್ಮನಾಗಿದ್ದರೆ ಉತ್ತರ ಬರುತ್ತದೆ. ಅವತ್ತು ಇಷ್ಟು ಮಾಡಿದ್ದರೂ ಸಾಕಿತ್ತು.

ಇಷ್ಟೆಲ್ಲ ಆದ ಮೇಲೂ ಲೈಟ್ ಬೇಕು ಅನ್ನಿಸಿದರೆ, ಕತ್ತಲಲ್ಲಿ ಗನ್ ಬಳಸುವುದನ್ನು ಕಲಿಸುವ ಕ್ಲಾಸಿಗೆ ಹೋಗಿ ಕಲಿತ ಮೇಲೆ ಹಾಕಿಸಿ. ನಾನು ಆಮೇಲೆ ತಿಳಿದುಕೊಂಡಿದ್ದು ಒಂದಿದೆ. 1000 ಲುಮೆನ್ ಬೆಳಕನ್ನು ಮನುಷ್ಯರ ಮೇಲೆ ಬಿಡಬೇಕಾಗಿಯೇ ಇಲ್ಲ. ನೆಲಕ್ಕೆ ಬಿಟ್ಟರೂ ಗೋಡೆ, ಛಾವಣಿಗೆ ಬಡಿದು ಇಡೀ ಕೋಣೆ ಬೆಳಗುತ್ತದೆ, ಎದುರಿನವರ ಮುಖ, ಕೈ ಎರಡೂ ಕಾಣುತ್ತವೆ. ಗೆಳೆಯನಿಗೆ ಇದು ಗೊತ್ತಿರಲಿಲ್ಲ.

ಸೊಂಟದಲ್ಲಿ ಇಟ್ಟುಕೊಂಡು ಓಡಾಡುವ ಪಿಸ್ತೂಲಿನ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಅನುಮಾನ. ಲೈಟ್ ಹಾಕಿದ ಮೇಲೆ ಹಳೆಯ ಹೋಲ್‌ಸ್ಟರ್ (ಪಿಸ್ತೂಲು ಇಟ್ಟುಕೊಳ್ಳುವ ಚೀಲ) ಹಿಡಿಯುವುದಿಲ್ಲ. ಆ ಪಿಸ್ತೂಲಿಗೆ, ಆ ಲೈಟಿಗೆ ಅಂತಲೇ ಮಾಡಿದ್ದು ಬೇಕು. ಎಲ್ಲದಕ್ಕೂ ಆಗುತ್ತದೆ ಅಂತ ಮಾರುವ ಅಗಲ ಬಾಯಿಯ ಹೋಲ್‌ಸ್ಟರ್‌ಗಳಲ್ಲಿ ಟ್ರಿಗರ್ ಪಕ್ಕ ಸಂದಿ ಉಳಿಯುತ್ತದೆ, ಅಂಗಿಯ ಅಂಚೋ ದಾರವೋ ಒಳಗೆ ಹೋಗಿ ಸಿಕ್ಕಿಕೊಳ್ಳಬಹುದು. ಇನ್ನು ಕತ್ತಲ ಪಾರ್ಕಿಂಗ್ ಜಾಗದಲ್ಲಿ ಬಿದ್ದ ಕಾರ್ ಕೀ ಹುಡುಕಲು ಯಾರೂ ಪಿಸ್ತೂಲು ಹೊರಗೆ ತೆಗೆಯುವ ಹಾಗಿಲ್ಲ. ಜೇಬಿನಲ್ಲಿ ಟಾರ್ಚ್ ಇರಲೇಬೇಕು. ಟಾರ್ಚ್ ಹೇಗೂ ಇರುತ್ತದೆ ಅಂದಮೇಲೆ ಪಿಸ್ತೂಲಿನ ಲೈಟ್ ಎಷ್ಟು ಸಲ ಬೇಕಾದೀತು ಅಂತ ನೀವೇ ಯೋಚಿಸಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಟೆಕ್ಸಸ್‌ನಲ್ಲಿ ಬೇಕಂತಲೇ ಒಬ್ಬರ ಕಡೆಗೆ ಗನ್ ತೋರಿಸಿದರೆ, ಅದರಲ್ಲಿ ಗುಂಡಿರಲಿ ಇಲ್ಲದಿರಲಿ, ಅಪಾಯ ತಂದಿದ್ದೀರಿ ಅಂತಲೇ ಕಾನೂನು ಲೆಕ್ಕ ಹಾಕುತ್ತದೆ. ಅಪರಾಧ ಸಾಬೀತಾದರೆ ಒಂದು ವರ್ಷದವರೆಗೆ ಜೈಲು, 4000 ಡಾಲರ್‌ವರೆಗೆ ದಂಡ. ಗ್ರೀನ್ ಕಾರ್ಡ್ ಇದ್ದವರಿಗೆ ಗನ್ನಿನ ಕೇಸಿನಲ್ಲಿ ಶಿಕ್ಷೆಯಾದರೆ ದೇಶ ಬಿಡಬೇಕಾಗಿಯೂ ಬರಬಹುದು. ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಗಂಡ, ಹೆಂಡತಿ, ಮಕ್ಕಳ ವೀಸಾ), ವಿಸಿಟರ್ ವೀಸಾದಲ್ಲಿ ಇರುವವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಗನ್, ಗುಂಡು ಯಾವುದನ್ನೂ ಇಟ್ಟುಕೊಳ್ಳುವ ಹಾಗಿಲ್ಲ, ಇದು ಫೆಡರಲ್ ಕಾನೂನು. ಮನೆಯಲ್ಲಿ ಅಂಥವರಿದ್ದರೆ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿರಲಿ. 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವ ಹಾಗೆ ಗುಂಡು ತುಂಬಿಟ್ಟು, ಅದು ಅವರ ಕೈಗೆ ಸಿಕ್ಕಿದರೆ ಅದೂ ಟೆಕ್ಸಸ್‌ನಲ್ಲಿ ಅಪರಾಧವೇ.

ಅಪ್ಪ ಅಮ್ಮನನ್ನು ಕರೆದುಕೊಂಡು ಯಾರ ಮನೆಯಲ್ಲಾದರೂ ಉಳಿಯುವುದಿದ್ದರೆ, ಊಟ ಮುಗಿದ ಮೇಲೆ ಮುಜುಗರ ಪಡದೆ ಕೇಳಿ: "ಮನೇಲಿ ಗನ್ ಇದೆಯಾ? ಬೀಗ ಹಾಕಿದೀರಾ? ಅಮ್ಮ ರಾತ್ರಿ ಎದ್ದು ಓಡಾಡ್ತಾರೆ." ನಾವು ಈಗ ಹೋದ ಕಡೆಯಲ್ಲೆಲ್ಲ ಕೇಳುತ್ತೇವೆ. ಇಲ್ಲಿಯವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.