ರೇನಾಕ್ಸ್ ಡಿಸಿಆರ್-250 ಜೊತೆ ಮೂರು ವರ್ಷ: ಹಿತ್ತಲಿನ ಹುಳು, ಬೇಲಿಯ ಹೂ

ಹುಳು, ಹೂವನ್ನು ತೀರಾ ಹತ್ತಿರದಿಂದ ಫೋಟೋ ತೆಗೆಯುವ ಈ ಗಾಜು ನನ್ನ ಕೈಗೆ ಬಂದು ಮೂರು ವರ್ಷ ದಾಟಿತು. ಸಾಗರದ ಹತ್ತಿರದ ಹಳ್ಳಿ ನಮ್ಮದು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಹಿತ್ತಲಿಗೆ ಇಳಿದರೆ ಒಂದೂವರೆ ಗಂಟೆ ಮನೆಯಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ. ವಾರಕ್ಕೆ ಒಂದು ಹುಳು, ಒಂದು ಕಾಡುಹೂ. ನೆಟ್ಟು ಬೆಳೆಸಿದ ಗುಲಾಬಿ, ದಾಸವಾಳ ಲೆಕ್ಕಕ್ಕಿಲ್ಲ. ತಾನಾಗಿ ಹುಟ್ಟಿದ್ದು ಮಾತ್ರ. ಮಳೆ ಸುರಿಯುತ್ತಿದ್ದರೆ ಕೊಟ್ಟಿಗೆಯ ಗೋಡೆಯಲ್ಲಿ ಜೇಡ ಹುಡುಕುತ್ತೇನೆ.

ರೇನಾಕ್ಸ್ ಜಪಾನಿನ ಕಂಪನಿ. ಡಿಸಿಆರ್-250 ಕ್ಯಾಮೆರಾಗೆ ಹಾಕುವ ಲೆನ್ಸ್ ಅಲ್ಲ, ನಿಮ್ಮ ಹತ್ತಿರ ಇರುವ ಲೆನ್ಸಿನ ಮೂತಿಗೆ ಸಿಕ್ಕಿಸುವ ಪುಟ್ಟ ಗಾಜು. ಎರಡು ಕಡೆ ಒತ್ತಿ ಬಿಡುವ ಕ್ಲಿಪ್ ಇದೆ. 52ರಿಂದ 67 ಮಿಲಿಮೀಟರ್ ಫಿಲ್ಟರ್ ಅಳತೆಯ ಲೆನ್ಸುಗಳಿಗೆ ಕೂರುತ್ತದೆ. ಶಕ್ತಿ 8 ಡಯಾಪ್ಟರ್, ಕನ್ನಡಕದ ಪವರ್ ಹೇಳುವ ಅದೇ ಅಳತೆ. ನಾನು ಹಾಕುವುದು ಕ್ಯಾನನ್ 55-250 ಜೂಮಿಗೆ. ಜೂಮನ್ನು 250ಕ್ಕೆ ಎಳೆದರೆ ಹುಳು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ತನ್ನ ಅಳತೆಯ ಸುಮಾರು ಎರಡರಷ್ಟಾಗಿ ಬೀಳುತ್ತದೆ. ಆಗ ಫೋಟೋದ ಅಗಲಕ್ಕೆ ಹಿಡಿಸುವುದು ಬರೀ 11 ಮಿಲಿಮೀಟರ್. ಒಂದು ತೊಗರಿ ಕಾಳು ಇಟ್ಟರೆ ಅರ್ಧ ಫೋಟೋ ತುಂಬುತ್ತದೆ.

ಇದಕ್ಕೂ ಮುಂಚೆ ಅಗ್ಗದ ನಾಲ್ಕು ಗಾಜಿನ ಸೆಟ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ತೆಗೆದ ಹೂವಿನ ಅಂಚಿಗೆಲ್ಲ ನೇರಳೆ ಗೆರೆ. ಒಂಟಿ ಗಾಜಿನಲ್ಲಿ ಒಂದೊಂದು ಬಣ್ಣ ಒಂದೊಂದು ಥರ ಬಾಗುತ್ತದೆ, ಅದಕ್ಕೇ ಹಾಗಾಗುವುದು. ಡಿಸಿಆರ್-250ರ ಒಳಗೆ ಮೂರು ಗಾಜುಗಳಿವೆ, ಅದರಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಬಾಗಿಸಿದ್ದನ್ನು ಇನ್ನೊಂದು ಸರಿ ಮಾಡುತ್ತದೆ. ಬೇಲಿ ಬದಿಯ ತುಂಬೆ ಹೂ ತೆಗೆದ ದಿನ ವ್ಯತ್ಯಾಸ ಕಂಡೆ. ಬಿಳಿ ಬಿಳಿಯಾಗೇ ಬಂದಿತ್ತು. ಹೂವಿನ ಮೇಲಿನ ಸಣ್ಣ ಕೂದಲು ಕೂಡ ಎಣಿಸುವ ಹಾಗಿತ್ತು.

ಕೈ ಪಳಗುವುದಕ್ಕೆ ಎರಡು ತಿಂಗಳು ಹಿಡಿಯಿತು. ಹುಳು ಗಾಜಿನಿಂದ ಹತ್ತಿರ ಹತ್ತಿರ 12 ಸೆಂಟಿಮೀಟರ್ ದೂರದಲ್ಲಿ ಇರಬೇಕು. ಮುಂದೆ ಹೋದರೂ ಮಬ್ಬು, ಹಿಂದೆ ಬಂದರೂ ಮಬ್ಬು. ಫೋಕಸ್ ರಿಂಗ್ ತಿರುಗಿಸಿ ಹೆಚ್ಚು ಪ್ರಯೋಜನವಿಲ್ಲ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಬೇಕು. ಲೆನ್ಸಿನೊಳಗಿನ ಕಿಂಡಿ ಕಿರಿದಾಗಿಸಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಸಿಗುವ ಆಳ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಇಷ್ಟು ಹತ್ತಿರ ಹೋದರೆ ಯಾವ ಗಾಜಿಗೂ ಇದೇ ಪಾಡು. ನಾನು ಕಂಡುಕೊಂಡ ದಾರಿ ಇದು: ಎಡಗೈಯಲ್ಲಿ ಹೂವಿನ ಕಡ್ಡಿಯನ್ನು ಮೆತ್ತಗೆ ಹಿಡಿದು, ಅದೇ ಕೈಯ ಮೇಲೆ ಲೆನ್ಸನ್ನು ಊರುತ್ತೇನೆ. ಗಾಳಿ ಬೀಸಿದರೆ ಹೂ, ಕೈ, ಕ್ಯಾಮೆರಾ ಮೂರೂ ಒಟ್ಟಿಗೆ ಅಲುಗುತ್ತವೆ. ಆಗ ಫೋಕಸ್ ತಪ್ಪುವುದಿಲ್ಲ. ಹೊಸಬರು ಜೂಮನ್ನು 100-150ರ ಹತ್ತಿರ ಇಟ್ಟು ಶುರು ಮಾಡಿ. ಅದಕ್ಕಿಂತ ತೀರಾ ಕೆಳಗೆ ಇಳಿಸಿದರೆ ಫೋಟೋದ ಮೂಲೆಗಳು ಕಪ್ಪಾಗುತ್ತವೆ.

ಬೆಳಕು ಸಾಲುವುದಿಲ್ಲ, ಅಡಿಕೆ ಮರದ ನೆರಳಲ್ಲಂತೂ ಏನೇನೂ ಸಾಲದು. ಚಿಕ್ಕ ಫ್ಲ್ಯಾಶ್ ಬೇಕೇ ಬೇಕು. ಅದರ ಮುಂದೆ ತೆಳು ಬಿಳಿ ಫೋಮ್ ಹಾಳೆ ಬಗ್ಗಿಸಿ ಕಟ್ಟಿದ್ದೇನೆ. ಅದಿಲ್ಲದಿದ್ದರೆ ಜೀರುಂಡೆಯ ಬೆನ್ನ ಮೇಲೆ ಬಿಳಿ ಚುಕ್ಕೆ ಸುಟ್ಟ ಹಾಗೆ ಕಾಣುತ್ತದೆ.

ಈ ಗಾಜು ನನಗೆ ತೋರಿಸಿದ್ದನ್ನು ಹೇಳದೆ ಬರೀ ಅಂಕಿ ಹೇಳಿದರೆ ವಿಮರ್ಶೆ ಅರ್ಧವೇ ಆಗುತ್ತದೆ. ನಮ್ಮ ಮಾವಿನ ಮರದಲ್ಲಿ ಚಗಳಿ ಗೂಡು ಇದೆ. ಎಲೆ ಹೊಲಿದು ಮನೆ ಮಾಡುವ ಕೆಂಪು ಇರುವೆ, ಮಲೆನಾಡಿನವರಿಗೆ ಅದರ ಚಟ್ನಿಯೂ ಗೊತ್ತು. ಒಂದು ಭಾನುವಾರ ಸಾಲು ತಪ್ಪಿ ಒಂಟಿಯಾಗಿ ಓಡಾಡುತ್ತಿದ್ದ ಚಗಳಿಯ ಫೋಟೋ ತೆಗೆದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಕಾಲು ಎಂಟು! ಮೀಸೆ ಅಂದುಕೊಂಡಿದ್ದು ಮೇಲೆತ್ತಿದ ಮುಂಗಾಲು. ಎದುರಿಗೆ ಜಿಗಿಯುವ ಜೇಡದ ದೊಡ್ಡ ಎರಡು ಕಣ್ಣು. ಜೀವಿಗಳ ಫೋಟೋ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದ ಮೇಲೆ ಹೆಸರು ಸಿಕ್ಕಿತು, ಮಿರ್ಮಪ್ಲಾಟಾ ಪ್ಲಾಟಲಿಯೋಯ್ಡಿಸ್. ಚಗಳಿಯ ವೇಷ ಹಾಕಿ ಚಗಳಿಯ ಆಸುಪಾಸಿನಲ್ಲೇ ಬದುಕುವ ಜೇಡ. ಚಿಕ್ಕವನಿದ್ದಾಗಿಂದ ಆ ಮರ ಹತ್ತಿದ್ದೇನೆ. ಎಷ್ಟು ಸಲ ಅದು ನನ್ನ ಮುಂದೆ ಹಾದು ಹೋಗಿತ್ತೋ ಏನೋ.

ಕರಿಬೇವಿನ ಗಿಡದ ಕಥೆಯೂ ಹೀಗೇ. ಎಲೆ ಮೇಲೆ ಹಕ್ಕಿ ಹಿಕ್ಕೆ ಅಂತ ಬಿಟ್ಟಿದ್ದು ಚಿಟ್ಟೆಯ ಮರಿಹುಳು. ದೊಡ್ಡದಾದ ಮೇಲೆ ಅದು ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಹೊರಗೆ ಬಂದು ಘಾಟು ವಾಸನೆ ಬರುತ್ತದೆ. ಮಳೆಗಾಲದ ಕೊನೆಗೆ ಗದ್ದೆ ಬದುವಿನ ಒದ್ದೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಹುಳು ತಿನ್ನುವ ಗಿಡ ಡ್ರೊಸೆರಾ ಬರುತ್ತದೆ. ಬರಿಗಣ್ಣಿಗೆ ಇಬ್ಬನಿ ಕೂತ ಕೆಂಪು ಗಿಡ, ಅಷ್ಟೆ. ಗಾಜಿನಲ್ಲಿ ನೋಡಿದರೆ ಒಂದೊಂದು ಕೂದಲಿನ ತುದಿಯಲ್ಲೂ ಅಂಟಿನ ಹನಿ, ಅದರಲ್ಲಿ ಸಿಕ್ಕಿಬಿದ್ದ ಗುಂಗಾಡು. ಅಲ್ಲಿಗೆ ಹೋಗಬೇಕಾದರೆ ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಳ್ಳಲೇಬೇಕು, ಉಂಬಳ (ಜಿಗಣೆ) ಬಿಡುವುದಿಲ್ಲ.

ಬಾಳಿಕೆ ಚೆನ್ನಾಗಿದೆ. ಕ್ಲಿಪ್ಪಿನ ಸ್ಪ್ರಿಂಗ್ ಇನ್ನೂ ಗಟ್ಟಿ. ಒಂದು ಸಲ ಅವಸರದಲ್ಲಿ ಒಂದೇ ಕಡೆ ಸಿಕ್ಕಿಸಿ ಹುಲ್ಲಿನಲ್ಲಿ ಬೀಳಿಸಿದೆ, ಏನೂ ಆಗಲಿಲ್ಲ. ಈಗ ಎರಡೂ ಕಡೆ ಟಕ್ ಅಂದ ಮೇಲೇ ಕೈ ಬಿಡುತ್ತೇನೆ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರಿನ ತನಕ ಗಾಜಿಗೆ ಬೂಷ್ಟು ಹಿಡಿಯುವ ಭಯ. ಗಾಳಿ ಆಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಒದ್ದೆ ಬಟ್ಟೆಯ ಚೀಲದಲ್ಲಿ ಮಾತ್ರ ಇಡಬೇಡಿ.

ಹಾರುವ ಚಿಟ್ಟೆ, ದುಂಬಿ ಬೇಕು ಅನ್ನುವವರಿಗೆ ಇದು ಬೇಡ. ಇಷ್ಟು ಹತ್ತಿರ ನಿಲ್ಲಲು ಅವು ಬಿಡುವುದಿಲ್ಲ. ಇಡೀ ಹೂಗೊಂಚಲು ಒಂದೇ ಫೋಟೋದಲ್ಲಿ ಬೇಕು ಅಂದರೂ ಇದು ಜಾಸ್ತಿ ಬಲದ ಗಾಜು. ಅದಕ್ಕೆ ಇದೇ ಕಂಪನಿಯ ಡಿಸಿಆರ್-150 ಇದೆ, ಸುಮಾರು 5 ಡಯಾಪ್ಟರಿನದು. ಕೆಲವರು ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಫೋಟೋ ತೆಗೆಯುತ್ತಾರೆ. ದಯವಿಟ್ಟು ಬೇಡ. ಬೆಳಿಗ್ಗೆ ಆರೂವರೆಗೆ ಎದ್ದು ಬನ್ನಿ, ತಂಪಿಗೆ ಅವು ತಾವೇ ಸುಮ್ನೆ ಕೂತಿರುತ್ತವೆ.

ನೀಲಿ ಪಟ್ಟೆಯ ಜೇನು ನನಗೆ ಸಿಕ್ಕಿದ್ದು ಹಾಗೇ. ಬಾವಿಕಟ್ಟೆಯ ಹಿಂದೆ ಒಂದು ಒಣ ಕಡ್ಡಿಗೆ ಐದು ಜೇನು ಬಾಯಲ್ಲಿ ಕಚ್ಚಿಕೊಂಡು, ಕಾಲು ಮಡಚಿ, ನಿದ್ದೆಯಲ್ಲಿ ನೇತಾಡುತ್ತಿದ್ದವು. ಇವು ಗೂಡು ಕಟ್ಟಿ ಒಟ್ಟಿಗೆ ಬಾಳುವ ತುಡುವೆಯ ಥರ ಅಲ್ಲ. ಗಂಡುಗಳು ರಾತ್ರಿ ಹೀಗೆ ಕಡ್ಡಿಗೆ ಕಚ್ಚಿಕೊಂಡು ಮಲಗುತ್ತವೆ. ರೆಕ್ಕೆಯ ಮೇಲೆ ಇಬ್ಬನಿ, ಹೊಟ್ಟೆಯ ಪಟ್ಟೆಗಳು ಮಯೂರ ನೀಲಿ. ಮುಂದಿನ ಭಾನುವಾರವೂ ಅದೇ ಕಡ್ಡಿಯಲ್ಲಿ ಇದ್ದವು. ಹಿತ್ತಲು ಸವರಲು ಆಳು ಬಂದಾಗ ಆ ಮೂಲೆ ಮುಟ್ಟಬೇಡ ಅಂದೆ. ಕಡ್ಡಿ ಹಾಗೇ ನಿಂತಿದೆ.