ಮಂಡಿ ಆಪರೇಷನ್‌ಗೆ ಸಹಿ ಹಾಕುವ ಮೊದಲು ಇದನ್ನು ಓದಿ: ನನ್ನ ಮೆನಿಸ್ಕಸ್ ಕತ್ತರಿಸಿ ತೆಗೆದದ್ದು ನನಗೇ ಗೊತ್ತಿರಲಿಲ್ಲ

ಫುಟ್‌ಬಾಲ್ ಆಡಿಯೇ ಬದುಕುವ ಎಲ್ಲರೂ ಇದನ್ನು ಓದಬೇಕು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಬ್‌ನ ಡಾಕ್ಟರ್ ನಿಮ್ಮ ಡಾಕ್ಟರ್ ಅಲ್ಲ. ಅವರಿಗೆ ಸಂಬಳ ಕೊಡುವುದು ಕ್ಲಬ್. ಅವರು ಎಷ್ಟೇ ಪ್ರೀತಿಯಿಂದ ಮಾತಾಡಲಿ, ಹೆಗಲ ಮೇಲೆ ಕೈ ಹಾಕಲಿ, ಸಂಬಳ ಕೊಡುವುದು ಕ್ಲಬ್.

ನನಗೆ ಆದದ್ದು ದೊಡ್ಡ ಗಾಯ ಏನಲ್ಲ. ಪ್ರಾಕ್ಟೀಸ್‌ನಲ್ಲಿ ಚೆಂಡು ಹಿಡಿದು ತಿರುಗುವಾಗ ಪಾದ ನೆಲದಲ್ಲೇ ಊರಿಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯ ಹೊರಬದಿಯಲ್ಲಿ ಚಳುಕು. ಸಂಜೆಗೆ ಬಾವು ಬಂತು, ಕಾಲು ಪೂರ್ತಿ ನೀಡಲು ಆಗಲಿಲ್ಲ. ಎಂಆರ್‌ಐ ಮಾಡಿಸಿದರು. ಎಸಿಎಲ್, ಅಂದರೆ ಮಂಡಿಯನ್ನು ಬಿಗಿಯಾಗಿ ಹಿಡಿದಿಡುವ ಒಳಗಿನ ಕಟ್ಟು, ಸರಿಯಾಗಿದೆ, ಹೊರಬದಿಯ ಮೆನಿಸ್ಕಸ್, ಅಂದರೆ ಎರಡು ಮೂಳೆಯ ನಡುವಿನ ಮೆತ್ತೆ, ಹರಿದಿದೆ ಅಂದರು. ಎಸಿಎಲ್ ಹೋಗಿದ್ದರೆ ಕಡಿಮೆ ಅಂದರೂ ಒಂಬತ್ತು ತಿಂಗಳು ಮನೆಯಲ್ಲಿ ಕೂರಬೇಕಿತ್ತು, ಹಾಗಾಗಿ ಮನಸ್ಸಿಗೆ ಎಷ್ಟೋ ಸಮಾಧಾನ ಆಯಿತು.

ಈ ಗಾಯ ಆದವರಿಗೆ ಮುಂದಿನದು ಗೊತ್ತೇ ಇರುತ್ತದೆ. ಆಪರೇಷನ್ ಅಂದರೆ ಇರುವುದು ಎರಡೇ ದಾರಿ. ಹರಿದದ್ದನ್ನು ಹೊಲಿಯಬಹುದು. ಇಲ್ಲವೇ ಹರಿದ ತುಂಡನ್ನು ಕತ್ತರಿಸಿ ತೆಗೆಯಬಹುದು. ಹೊಲಿದರೆ ಆಟಕ್ಕೆ ಮರಳಲು ನಾಲ್ಕರಿಂದ ಆರು ತಿಂಗಳು. ತೆಗೆದರೆ ಆರೆಂಟು ವಾರದಲ್ಲೇ ಮೈದಾನ. ಆದರೆ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಮಂಡಿಯ ಹೊರಬದಿಯಲ್ಲಿ ಬೀಳುವ ಭಾರದಲ್ಲಿ ಸುಮಾರು ಶೇಕಡ 70ರಷ್ಟನ್ನು ಈ ಮೆನಿಸ್ಕಸ್ ಒಂದೇ ಹೊರುತ್ತದೆ. ಅದು ಹೋದರೆ ಭಾರವೆಲ್ಲ ಮೂಳೆಯ ತುದಿಯ ನುಣುಪಾದ ಪದರ, ಅಂದರೆ ಕಾರ್ಟಿಲೇಜ್ ಮೇಲೆ. ಇದು ನಿನ್ನೆ ಮೊನ್ನೆ ಗೊತ್ತಾದ ವಿಷಯವೂ ಅಲ್ಲ. ಮೆನಿಸ್ಕಸ್ ತೆಗೆದ ಮಂಡಿಗಳು ಎಕ್ಸ್‌ರೇಯಲ್ಲಿ ಹೇಗೆ ಹಾಳಾಗುತ್ತಾ ಹೋಗುತ್ತವೆ ಅಂತ ಫೇರ್‌ಬ್ಯಾಂಕ್ ಎಂಬ ಸರ್ಜನ್ 1948ರಲ್ಲೇ ಬರೆದಿದ್ದಾರೆ. 1948ರಲ್ಲಿ! ನನ್ನ ಮಂಡಿ ತೆರೆದವರಿಗೆ ಇದು ಗೊತ್ತಿರಲಿಲ್ಲ ಅಂತ ಯಾರೂ ನನ್ನನ್ನು ನಂಬಿಸಲಾರರು.

ಆಪರೇಷನ್‌ಗೆ ಮೊದಲು ನಾನು ಬಾಯಿಬಿಟ್ಟು ಕೇಳಿದ್ದೆ. ಅಣ್ಣ ಪಕ್ಕದಲ್ಲೇ ಇದ್ದ, ಕ್ಲಬ್ ಡಾಕ್ಟರೂ ಇದ್ದರು. "ಸರ್, ಹೊಲಿಯುತ್ತೀರೋ ತೆಗೆಯುತ್ತೀರೋ?" ಸರ್ಜನ್ ಸ್ಕ್ಯಾನ್ ತೋರಿಸಿ, "ಹೊರ ಅಂಚಿನ ಹತ್ತಿರ ಹರಿದಿದೆ, ಅಲ್ಲಿ ರಕ್ತ ಓಡಾಡುತ್ತೆ, ಹೊಲಿದ್ರೆ ಕೂಡುತ್ತೆ. ಹೊಲೀತೀವಿ" ಅಂದರು. ಸೀಸನ್ ಹೋದರೂ ಪರವಾಗಿಲ್ಲ, ಹೊಲಿಯಿರಿ ಅಂತ ನಾನು ಸ್ಪಷ್ಟವಾಗಿ ಹೇಳಿದೆ. ಕ್ಲಬ್ ಡಾಕ್ಟರ್ ತಲೆ ಆಡಿಸಿದರು. ಆ ತಲೆ ಆಡಿಸಿದ್ದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಎಚ್ಚರ ಆದಾಗ ಹಾಸಿಗೆ ಪಕ್ಕ ಇದ್ದದ್ದು ಕ್ಲಬ್ ಡಾಕ್ಟರ್. "ಎಲ್ಲಾ ಸರಿಮಾಡಿದ್ದಾರೆ ಕಣೋ, ತುಂಬಾ ಚೆನ್ನಾಗಾಗಿದೆ" ಅಂದರು. ಸರ್ಜನ್ ಮುಖ ಮತ್ತೆ ಕಾಣಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಇದ್ದದ್ದು ಒಂದೇ ಸಾಲು, ಮಂಡಿಯ ಕೀಹೋಲ್ (ಸಣ್ಣ ತೂತಿನ ಮೂಲಕ ಮಾಡುವ) ಆಪರೇಷನ್ ಅಂತ. ಒಳಗೆ ಏನು ಮಾಡಿದರು ಅನ್ನುವುದು ಇಲ್ಲ.

ಮರುದಿನವೇ ನನ್ನನ್ನು ನಡೆಸಿದರು. ಊರುಗೋಲು ಬೇಗ ಬಿಡಿಸಿದರು. ಮಂಡಿಯನ್ನು ಹಿಡಿದಿಡುವ ಬ್ರೇಸ್ ಎಂಬ ಪಟ್ಟಿ ಇಲ್ಲ, ಇಷ್ಟೇ ಮಡಚು ಅನ್ನುವ ಮಿತಿ ಇಲ್ಲ. ಇಲ್ಲಿ ಸ್ವಲ್ಪ ನಿಂತು ಓದಿ. ಮೆನಿಸ್ಕಸ್ ಹೊಲಿದವರಿಗೆ ಮೊದಲ ನಾಲ್ಕಾರು ವಾರ ಸಾಮಾನ್ಯವಾಗಿ ಬ್ರೇಸ್ ಹಾಕಿಸುತ್ತಾರೆ, ಭಾರ ಹಾಕುವುದಕ್ಕೆ ಮಿತಿ ಇಡುತ್ತಾರೆ, 90 ಡಿಗ್ರಿಗಿಂತ ಜಾಸ್ತಿ ಮಡಚಲು ಬಿಡುವುದಿಲ್ಲ. ನನಗೆ ಇದ್ಯಾವುದೂ ಇರಲಿಲ್ಲ. ಯಾಕೆ ಅಂತ ಫಿಸಿಯೋನ ಕೇಳಿದೆ. "ನಿನ್ನ ಹೊಲಿಗೆ ಗಟ್ಟಿಯಾಗಿ ಕೂತಿದೆಯಂತೆ, ಡಾಕ್ಟ್ರು ಓಕೆ ಅಂದಿದ್ದಾರೆ" ಅಂದ. ಹೊಲಿಗೆ ಅಂದ! ಅವನಿಗೂ ಸುಳ್ಳು ಹೇಳಿದ್ದರೋ, ಅವನೂ ಅದರಲ್ಲಿ ಸೇರಿದ್ದನೋ, ನನಗೆ ಈಗಲೂ ತಿಳಿದಿಲ್ಲ.

ಎರಡು ತಿಂಗಳು ತುಂಬುವ ಮೊದಲೇ ಪಂದ್ಯ ಆಡಿದೆ. ಸೀಸನ್‌ನ ಕೊನೆಯ ಪಂದ್ಯಗಳು, ಕ್ಲಬ್‌ಗೆ ನಾನು ಬೇಕಿತ್ತು. ಎಲ್ಲರೂ ಬೆನ್ನು ತಟ್ಟಿದರು. ಎಂಥ ಗಟ್ಟಿ ಮನುಷ್ಯ, ಎಷ್ಟು ಬೇಗ ಬಂದ ಅಂದರು.

ಆಮೇಲೆ ಬಾವು ಶುರುವಾಯಿತು. ಪ್ರತಿ ಪಂದ್ಯದ ಮರುದಿನ ಮಂಡಿ ತುಂಬಿಕೊಳ್ಳುತ್ತಿತ್ತು. ಮೆಟ್ಟಿಲು ಇಳಿಯುವಾಗ ಹೊರಬದಿಯಲ್ಲಿ ಮರಳು ತಿಕ್ಕಿದ ಹಾಗೆ. ತೊಡೆಯ ಮುಂಭಾಗದ ಸ್ನಾಯು ಎಷ್ಟು ವ್ಯಾಯಾಮ ಮಾಡಿದರೂ ತುಂಬಿಕೊಳ್ಳಲಿಲ್ಲ. ಮಂಡಿಯಲ್ಲಿ ನೀರು ಇದ್ದಷ್ಟು ದಿನ ಆ ಸ್ನಾಯು ಸರಿಯಾಗಿ ಕೆಲಸ ಮಾಡುವುದಿಲ್ಲ, ದೇಹವೇ ಅದನ್ನು ತಡೆದಿಡುತ್ತದೆ. ಇದು ಆಮೇಲೆ ಬೇರೆಯವರಿಂದ ತಿಳಿಯಿತು. ಕ್ಲಬ್ ಡಾಕ್ಟರ್ ಹೇಳಿದ್ದು ಬೇರೆ. "ನೀನು ಜಿಮ್‌ನಲ್ಲಿ ಸರಿಯಾಗಿ ಮಾಡ್ತಿಲ್ಲ, ಅದಕ್ಕೇ" ಅಂದರು. ನನ್ನ ಮೇಲೇ ಹಾಕಿದರು. ನಾನು ಬೆವರು ಸುರಿಸಿ ಮಾಡುತ್ತಿದ್ದೆ. ಎಲ್ಲರಿಗಿಂತ ಮೊದಲು ಹೋಗಿ ಕೊನೆಗೆ ಬರುತ್ತಿದ್ದೆ.

ಸೂಜಿ ಹಾಕಿ ನೀರು ತೆಗೆದರು. ಮತ್ತೆ ತುಂಬಿತು. ಮತ್ತೆ ತೆಗೆದರು. ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್. ನೋವು ಹೋಯಿತು, ಆಡಿದೆ, ಮತ್ತೆ ಬಾವು. ತೆಗೆದ ನೀರನ್ನು ಒಂದು ಸಲವಾದರೂ ಲ್ಯಾಬ್‌ಗೆ ಕಳಿಸಲಿಲ್ಲ. ಹೊಸ ಸ್ಕ್ಯಾನ್ ಮಾಡಿಸಿ ಅಂತ ಕೇಳಿದಾಗಲೆಲ್ಲ "ಸೀಸನ್ ಮುಗೀಲಿ, ಮಾಡಿಸೋಣ" ಅನ್ನುವ ಉತ್ತರ. ಸ್ಕ್ಯಾನ್ ಮಾಡಿಸಿದ್ದರೆ ಸಿಕ್ಕಿಬೀಳುತ್ತಿದ್ದರು, ಅಲ್ವಾ?

ಆ ಇಂಜೆಕ್ಷನ್ ವಿಷಯ ಎಷ್ಟು ಜನರಿಗೆ ಗೊತ್ತಿದೆಯೋ ಕಾಣೆ, ಅದಕ್ಕೇ ಬರೆಯುತ್ತಿದ್ದೇನೆ. 2022ರ ಜನವರಿ 1ರಿಂದ ಕ್ರೀಡೆಯಲ್ಲಿ ನಿಷೇಧಿತ ಔಷಧಗಳನ್ನು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಯಮದ ಪ್ರಕಾರ ಪಂದ್ಯದ ಅವಧಿಯಲ್ಲಿ ಈ ಸ್ಟೀರಾಯ್ಡ್‌ಗಳ ಇಂಜೆಕ್ಷನ್ ನಿಷೇಧ. ಕೀಲಿನೊಳಗೆ ಕೊಟ್ಟರೂ ನಿಷೇಧವೇ. ಕೀಲಿಗೆ ಕೊಟ್ಟದ್ದು ಮೈಯಿಂದ ಹೋಗಲು ಹೆಚ್ಚಿನ ಔಷಧಗಳಿಗೆ 3 ದಿನ, ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್‌ಗೆ 10 ದಿನ ಬಿಡಬೇಕು. ಇಲ್ಲದಿದ್ದರೆ ಚಿಕಿತ್ಸೆಗಾಗಿ ಬಳಸಲು ಕೊಡುವ ಟಿಯುಇ ಎಂಬ ಅನುಮತಿ ಬೇಕು. ನನಗೆ ಯಾವ ಔಷಧ ಕೊಟ್ಟರು ಅಂತ ಹೇಳಲೂ ಇಲ್ಲ, ಬರೆದುಕೊಡಲೂ ಇಲ್ಲ. ಪರೀಕ್ಷೆಯಲ್ಲಿ ಸಿಕ್ಕಿದ್ದರೆ ನಿಷೇಧ ಬೀಳುತ್ತಿದ್ದದ್ದು ನನ್ನ ಮೇಲೆ. ಮೈಯಲ್ಲಿ ಸಿಕ್ಕಿದ್ದಕ್ಕೆ ಮೊದಲು ಉತ್ತರ ಕೊಡಬೇಕಾದವನು ಆಟಗಾರನೇ. ಇದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಇನ್ನು ಮುಖ್ಯ ಸಂಗತಿ. ಸೀಸನ್ ಮುಗಿಯಿತು, ಒಪ್ಪಂದವೂ ಮುಗಿಯುತ್ತಿತ್ತು. ಬೇರೊಂದು ಕ್ಲಬ್ ಕರೆಯಿತು. ಮಾತೆಲ್ಲ ಆಗಿತ್ತು, ಮೆಡಿಕಲ್, ಅಂದರೆ ವೈದ್ಯಕೀಯ ಪರೀಕ್ಷೆ ಒಂದು ಬಾಕಿ. ಸಹಿ ಆದ ಮೇಲೆ ಮೆಡಿಕಲ್ ನೆಪ ಹೇಳಿ ಒಪ್ಪಂದ ಬಿಡುವಂತಿಲ್ಲ ಅಂತ ಫಿಫಾ ನಿಯಮ ಇದೆ. ಅದಕ್ಕೇ ಎಲ್ಲ ಕ್ಲಬ್‌ಗಳೂ ಸಹಿಗೆ ಮೊದಲೇ ಮೈಯೆಲ್ಲ ಜಾಲಾಡುತ್ತವೆ. ನಾನು ಧೈರ್ಯವಾಗಿ ಹೋದೆ. ಹಳೆಯ ಗಾಯದ ಬಗ್ಗೆ ಕೇಳಿದಾಗ ನಾನೇ ಹೇಳಿದೆ, ಫಾರಂನಲ್ಲಿ ನನ್ನ ಕೈಯಾರೆ ಬರೆದೆ: ಹೊರಬದಿಯ ಮೆನಿಸ್ಕಸ್ ಹರಿದಿತ್ತು, ಹೊಲಿಗೆ ಹಾಕಿದ್ದಾರೆ.

ಸ್ಕ್ಯಾನ್ ಆಯಿತು. ಆ ಡಾಕ್ಟರ್ ಪರದೆ ನೋಡಿದರು, ನನ್ನ ಫಾರಂ ನೋಡಿದರು, ಮತ್ತೆ ಪರದೆ ನೋಡಿದರು. "ನಿಮ್ಮ ಮೆನಿಸ್ಕಸ್ ತೆಗೆಸಿದ್ದು ಯಾವಾಗ?" ಅಂತ ಕೇಳಿದರು.

"ತೆಗೆಸಿಲ್ಲ ಸರ್. ಹೊಲಿದಿದ್ದಾರೆ."

ಅವರು ಏನೂ ಹೇಳದೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇನ್ನೊಂದು ಕಾಲಿನ ಚಿತ್ರ ಪಕ್ಕದಲ್ಲಿ ಇಟ್ಟರು. ಒಂದರಲ್ಲಿ ಎರಡು ಮೂಳೆಯ ನಡುವೆ ಕಪ್ಪಗೆ, ದಪ್ಪಗೆ ಮೆತ್ತೆ ಇದೆ. ಇನ್ನೊಂದರಲ್ಲಿ ಅಂಚಿನಲ್ಲಿ ಒಂದು ಸಣ್ಣ ಚೂರು. ಅಷ್ಟೇ. ಅದರ ಕೆಳಗೆ ಕಾರ್ಟಿಲೇಜ್ ಸವೆದು ಮೂಳೆಯೊಳಗೆ ಊತ. "ಇಲ್ಲಿ ಹೊಲಿಯೋಕೆ ಏನೂ ಉಳಿದಿಲ್ಲ" ಅಂದರು. ಕೋಣೆಯಲ್ಲಿ ಆ ಕ್ಲಬ್‌ನ ಮ್ಯಾನೇಜರ್ ಇದ್ದರು. ಅವರು ನನ್ನ ಕಡೆ ನೋಡಿದ ರೀತಿ! ಸುಳ್ಳು ಹೇಳಿ ಒಪ್ಪಂದ ಹೊಡೆಯಲು ಬಂದವನನ್ನು ನೋಡುವ ರೀತಿ. ನನ್ನ ಮಂಡಿಯೊಳಗೆ ಏನಿದೆ ಅಂತ ನನಗೇ ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಪ್ಪು ಮಾಡಿದವರು ಯಾರೋ, ತಲೆ ತಗ್ಗಿಸಿ ಕೂತವನು ನಾನು. ಒಪ್ಪಂದ ಅಲ್ಲಿಗೆ ಮುಗಿಯಿತು.

ಹೊರಗೆ ಬಂದವನೇ ಹಳೆಯ ಕ್ಲಬ್ ಡಾಕ್ಟರ್‌ಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು ಹೇಳಿದ್ದು, "ಒಳಗೆ ನೋಡಿದಾಗ ಹೊಲಿಯೋ ಹಾಗಿರಲಿಲ್ಲ." ಹಾಗಿದ್ದರೆ ಯಾಕೆ ಹೇಳಲಿಲ್ಲ ಡಾಕ್ಟ್ರೇ ಅಂದೆ. "ಹೇಳಿದ್ವಲ್ಲ, ಆಪರೇಷನ್ ಆದ ತಕ್ಷಣ ಹೇಳಿದ್ವಿ. ನಿನಗಿನ್ನೂ ಅನಸ್ತೇಷಿಯಾ ಮಂಪರು ಇತ್ತು, ನೆನಪಿಲ್ಲ ಅಷ್ಟೇ." ಮಂಪರಿನಲ್ಲಿ ಇದ್ದವನಿಗೆ ಹೇಳಿದರಂತೆ! ಹೊರಗೆ ಕಾಯುತ್ತಿದ್ದ ಅಣ್ಣನಿಗೆ ಯಾಕೆ ಹೇಳಲಿಲ್ಲ? ಅದಕ್ಕೆ ಉತ್ತರ ಇಲ್ಲ. ಫಿಸಿಯೋ ಯಾಕೆ ಹೊಲಿಗೆ ಅಂದ? "ಅವನಿಗೆ ತಪ್ಪು ತಿಳುವಳಿಕೆ ಆಗಿರ್ಬೇಕು." ಕೊನೆಗೆ, "ನೋಡು, ನೀನೇ ಸಹಿ ಹಾಕಿದೀಯ. ಅಗತ್ಯ ಬಿದ್ದರೆ ತೆಗೆಯಬಹುದು ಅಂತ ಫಾರಂನಲ್ಲೇ ಇದೆ" ಅಂದರು.

ಹೌದು, ಇದೆ. ಎಲ್ಲರ ಫಾರಂನಲ್ಲೂ ಇರುತ್ತದೆ. ಒಳಗೆ ನೋಡಿದ ಮೇಲೆ ನಿರ್ಧಾರ ಬದಲಾಗಬಹುದು, ಅದನ್ನು ನಾನೂ ಒಪ್ಪುತ್ತೇನೆ. ಹೊಲಿದದ್ದೆಲ್ಲ ಕೂಡಿಕೊಳ್ಳುವುದೂ ಇಲ್ಲ. ಆದರೆ ಬದಲಾದ ನಿರ್ಧಾರವನ್ನು ನನಗೆ ಹೇಳಬೇಕಲ್ಲ! ಹೇಳಿದ್ದರೆ ಆ ಸೀಸನ್‌ನ ಉಳಿದ ಪಂದ್ಯಗಳನ್ನು ಆಡುತ್ತಲೇ ಇರಲಿಲ್ಲ. ಹೇಳಲಿಲ್ಲ, ಯಾಕೆಂದರೆ ನಾನು ಆಡಬೇಕಿತ್ತು.

ಹಳೆಯ ಕ್ಲಬ್‌ನ ಮ್ಯಾನೇಜರ್ ಉತ್ತರ ಇನ್ನೂ ಚುಚ್ಚಿತು. "ಬೇಗ ಆಡ್ಬೇಕು ಅಂತ ನೀವೇ ಆಸೆ ಪಟ್ರಲ್ವಾ?" ಅಂದರು. ಸೀಸನ್ ಹೋದರೂ ಪರವಾಗಿಲ್ಲ ಅಂದವನು ನಾನು. ಆಮೇಲೆ ಒಂದು ಮೆಸೇಜ್ ಕಳಿಸಿದರು, ನಿಮ್ಮ ಮುಂದಿನ ದಿನಗಳಿಗೆ ಶುಭವಾಗಲಿ ಅಂತ. ಅದಾದ ಮೇಲೆ ಫೋನ್ ಎತ್ತಿಲ್ಲ.

ಅಣ್ಣ ಆಸ್ಪತ್ರೆಗೆ ಬರಹದಲ್ಲಿ ಅರ್ಜಿ ಕೊಟ್ಟು, ಮತ್ತೆ ಮತ್ತೆ ಹೋಗಿ ಆಪರೇಷನ್ ನೋಟ್ಸ್ ತೆಗೆಸಿದ. ಅದರಲ್ಲಿ ಸ್ಪಷ್ಟವಾಗಿ ಇದೆ: ಹೊರ ಅಂಚಿನ ಹತ್ತಿರ ಉದ್ದಕ್ಕೆ ಹರಿದಿದೆ, ತೆಗೆಯಲಾಗಿದೆ. ಹೊಲಿಯಲು ಪ್ರಯತ್ನಿಸಿದ ಬಗ್ಗೆ ಒಂದು ಅಕ್ಷರ ಇಲ್ಲ. ಯಾಕೆ ಹೊಲಿಯಲಿಲ್ಲ ಅನ್ನುವುದೂ ಇಲ್ಲ. ಕ್ಲಬ್‌ಗೆ ಸಂಬಂಧವೇ ಇಲ್ಲದ ಒಬ್ಬ ಮಂಡಿ ಸರ್ಜನ್‌ಗೆ ಇದನ್ನು ತೋರಿಸಿದೆ. ಅವರು ತೂಕದಿಂದ ಮಾತಾಡಿದರು. "ನಾನು ಒಳಗೆ ನೋಡಿಲ್ಲ, ಹಾಗಾಗಿ ತೀರ್ಪು ಕೊಡಲ್ಲ. ಆದರೆ ಈ ವಯಸ್ಸಿಗೆ, ಈ ಜಾಗದಲ್ಲಿ, ಹೀಗೆ ಹರಿದಿದ್ರೆ ನಾನು ಮೊದಲು ಹೊಲಿಯೋಕೆ ನೋಡ್ತೀನಿ" ಅಂದರು. ಹೊರಬದಿಯ ಮೆನಿಸ್ಕಸ್ ತೆಗೆದ ಕೆಲವು ಆಟಗಾರರಲ್ಲಿ ಕಾರ್ಟಿಲೇಜ್ ಕೆಲವೇ ತಿಂಗಳಲ್ಲಿ ಸವೆದುಹೋಗುತ್ತದಂತೆ. ಬಿಡದೆ ಬರುವ ಬಾವೇ ಅದರ ಸೂಚನೆ. ಆ ಸೂಚನೆಯನ್ನೇ ಸೂಜಿ ಹಾಕಿ ಹಾಕಿ ಹೊರಗೆ ಚೆಲ್ಲಿದರು, ಮೇಲೆ ಇಂಜೆಕ್ಷನ್ ಕೊಟ್ಟು ಓಡಿಸಿದರು.

ಈಗ ನನಗೆ ಓಟ ಪೂರ್ತಿ ಬಂದ್. ಮುಂದೆ ದಾನಿಯ ಮೆನಿಸ್ಕಸ್ ಕೂರಿಸಬಹುದು, ಕಾಲಿನ ಮೂಳೆಯ ಕೋನ ಸ್ವಲ್ಪ ಬದಲಿಸಿ ಭಾರವನ್ನು ಒಳಬದಿಗೆ ಹಾಕಬಹುದು. ಎರಡೂ ದೊಡ್ಡ ಆಪರೇಷನ್. ಮತ್ತೆ ವೃತ್ತಿಪರ ಆಟಕ್ಕೆ ಮರಳುತ್ತೇನೆ ಅಂತ ಯಾರೂ ಮಾತು ಕೊಡುತ್ತಿಲ್ಲ.

ಬೇಗ ಬಂದ ಅಂತ ಬೆನ್ನು ತಟ್ಟುವವರನ್ನು ನಂಬಬೇಡಿ. ಬ್ರೆಜಿಲ್‌ನ ರೊನಾಲ್ಡೊ 1999ರ ನವೆಂಬರ್‌ನಲ್ಲಿ ಮಂಡಿಗೆ ಪೆಟ್ಟಾಗಿ ಆಪರೇಷನ್ ಮಾಡಿಸಿಕೊಂಡು, 2000ದ ಏಪ್ರಿಲ್ 12ರಂದು ಇಟಲಿಯ ಲಾಜಿಯೋ ಕ್ಲಬ್ ವಿರುದ್ಧ ಮೈದಾನಕ್ಕೆ ಇಳಿದ. ಕೆಲವೇ ನಿಮಿಷದಲ್ಲಿ ಅದೇ ಮಂಡಿ ಪೂರ್ತಿ ಹೋಯಿತು. 2002ರ ವಿಶ್ವಕಪ್‌ನಲ್ಲಿ ಅವನು 8 ಗೋಲು ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ. ನಡುವೆ ಹೋದ ವರ್ಷಗಳನ್ನು ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್‌ನ ಲೆಡ್ಲಿ ಕಿಂಗ್ ಮಂಡಿಯ ಕಾರಣಕ್ಕೆ ವಾರವಿಡೀ ತಂಡದ ಜೊತೆ ಪ್ರಾಕ್ಟೀಸ್ ಮಾಡಲಾಗದೆ ಪಂದ್ಯ ಮಾತ್ರ ಆಡುತ್ತಾ 2012ರಲ್ಲಿ ನಿವೃತ್ತನಾದ. ಅವರಿಗೆ ಜೊತೆಗೆ ನಿಂತ ಕ್ಲಬ್ ಇತ್ತು. ನಮ್ಮಂಥವರಿಗೆ ಇರುವುದು ಒಂದು ಮೆಸೇಜ್.

ಹಾಗಾಗಿ, ಯಾವ ಕ್ಲಬ್ ಆದರೂ ಸರಿ, ಹೊರಗಿನ ಸರ್ಜನ್ ಒಬ್ಬರಿಗೆ ಸ್ಕ್ಯಾನ್ ತೋರಿಸದೆ ಮಂಡಿ ತೆರೆಯಲು ಬಿಡಬೇಡಿ. ಹೊಲಿಯುವುದೋ ತೆಗೆಯುವುದೋ, ಒಳಗೆ ಪ್ಲಾನ್ ಬದಲಾದರೆ ಮನೆಯವರಲ್ಲಿ ಯಾರಿಗೆ ತಕ್ಷಣ ಹೇಳಬೇಕು, ಇಷ್ಟನ್ನೂ ಫಾರಂನಲ್ಲಿ ಬರೆಸಿ. ಡಿಸ್ಚಾರ್ಜ್ ದಿನವೇ ಆಪರೇಷನ್ ನೋಟ್ಸ್, ಒಳಗಿನ ಫೋಟೋ, ವಿಡಿಯೋ ಕೇಳಿ ಪಡೆಯಿರಿ. ಇಂಜೆಕ್ಷನ್ ಕೊಟ್ಟರೆ ಔಷಧದ ಹೆಸರು, ತಾರೀಖು ಬರೆಸಿಕೊಳ್ಳಿ. ಕೇಳಿದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ.

ನನ್ನ ಆಪರೇಷನ್ ವಿಡಿಯೋ ಇನ್ನೂ ಸಿಕ್ಕಿಲ್ಲ. ಕ್ಲಬ್ ಮೂಲಕ ಅರ್ಜಿ ಹಾಕಿ ಅಂತ ಆಸ್ಪತ್ರೆ ಹೇಳುತ್ತದೆ. ಆಸ್ಪತ್ರೆಯವರನ್ನೇ ಕೇಳಿ ಅಂತ ಕ್ಲಬ್ ಹೇಳುತ್ತದೆ. ಈಗ ವಕೀಲರ ಮೂಲಕ ಇಬ್ಬರಿಗೂ ಒಟ್ಟಿಗೆ ನೋಟಿಸ್ ಕೊಡುತ್ತಿದ್ದೇನೆ. ಹೊಲಿಗೆ ಅಂತ ಹೇಳಿ ನಿಮಗೂ ಬ್ರೇಸ್ ಇಲ್ಲದೆ ಬೇಗ ಆಡಿಸಿದ್ದರೆ, ಈಗ ಮಂಡಿ ಬಾತುಕೊಳ್ಳುತ್ತಿದ್ದರೆ, ನಾಳೆಯೇ ಹೋಗಿ ನಿಮ್ಮ ನೋಟ್ಸ್ ತೆಗೆಸಿ ನೋಡಿ. ಮುಂದಿನ ಪಂದ್ಯ ಆಡುವ ಮೊದಲು ನೋಡಿ.