ಅಪಾರ್ಟ್‌ಮೆಂಟ್ ಸಂಘ ನೋಂದಣಿ: ದುಡ್ಡು ಕೊಟ್ಟು ಮಾಡಿಸಿಕೊಂಡ ಅನುಭವ

ನಮ್ಮದು ಬನಶಂಕರಿ ಕಡೆ 32 ಮನೆಗಳ ಅಪಾರ್ಟ್‌ಮೆಂಟ್. 2012ರಲ್ಲಿ ಬಿಲ್ಡರ್ ಸೊಸೈಟಿ ನೋಂದಣಿ ಕಾಯ್ದೆಯಡಿ ಒಂದು ಸಂಘ ಮಾಡಿಕೊಟ್ಟು ಕೈ ತೊಳೆದುಕೊಂಡಿದ್ದರು. ಬರೀ ಮನೆಗಳಿರುವ ಕಟ್ಟಡಕ್ಕೆ ಆ ಕಾಯ್ದೆ ಸಲ್ಲದು, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೇ ಬೇಕು ಎಂದು ಹೈಕೋರ್ಟ್ ಹೇಳಿದ್ದು ಗೊತ್ತಾದಾಗ ನಮಗೆ ದಿಗಿಲಾಯಿತು.

ಮೊದಲು ಹೋಗಿದ್ದು ಒಬ್ಬ ಏಜೆಂಟ್ ಹತ್ತಿರ. ಘೋಷಣಾ ಪತ್ರ ಅಂದರೆ ಕಟ್ಟಡದಲ್ಲಿ ಏನೇನಿದೆ, ಯಾರ ಪಾಲು ಎಷ್ಟು ಅಂತ ಬರೆದು ನೋಂದಣಿ ಮಾಡಿಸುವ ಪತ್ರ; ಬೇರೆ ಯಾರದೋ ಪತ್ರಕ್ಕೆ ನಮ್ಮ ಹೆಸರು ಹಾಕಿ ತಂದರು. ಅದರಲ್ಲಿ ಈಜುಕೊಳ, ಕ್ಲಬ್ ಹೌಸ್ ಎಲ್ಲ ಇತ್ತು. ನಮ್ಮಲ್ಲಿರುವುದು ಸಂಪು, ಬೋರ್‌ವೆಲ್, ಲಿಫ್ಟ್ ಅಷ್ಟೇ. ಅಡ್ವಾನ್ಸ್ ಹೋದರೆ ಹೋಗಲಿ ಅಂತ ಬಿಟ್ಟೆವು.

ಆಮೇಲೆ ಸಿಕ್ಕಿದ ವಕೀಲರ ಕೆಲಸಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. 32 ಕ್ರಯಪತ್ರಗಳ ಜೆರಾಕ್ಸ್ ತರಿಸಿಕೊಂಡರು. ಪ್ರತಿಯೊಂದರಲ್ಲೂ ಜಾಗದ ಅವಿಭಜಿತ ಪಾಲು, ಅಂದರೆ ಎಲ್ಲರಿಗೂ ಸೇರಿದ ನೆಲದಲ್ಲಿ ಆ ಮನೆಗೆ ಬರುವ ಭಾಗ, ಎಷ್ಟು ಚದರಡಿ ಅಂತ ಹುಡುಕಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ನಮ್ಮ ಮುಂದೆಯೇ ಕೂಡಿಸಿದರು. ಒಟ್ಟು ಜಾಗಕ್ಕೆ 450 ಚದರಡಿ ಕಮ್ಮಿ ಬಂತು. ಇನ್ನೊಮ್ಮೆ ಕೂಡಿಸಿದರು, ಅಷ್ಟೇ. ಆ 450 ಬಿಲ್ಡರ್ ಹೆಸರಲ್ಲೇ ಉಳಿದಿತ್ತು, ಇಷ್ಟು ವರ್ಷ ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ! ಘೋಷಣಾ ಪತ್ರದಲ್ಲಿ ಬರೆದ ಪಾಲನ್ನು ಎಲ್ಲ ಮಾಲೀಕರೂ ಒಪ್ಪದೆ ಬದಲಿಸಲು ಈ ಕಾಯ್ದೆಯಲ್ಲಿ ಆಗುವುದಿಲ್ಲ, ಸಂಘದ ಖರ್ಚು ಹಂಚುವುದೂ ಅದೇ ಲೆಕ್ಕದಲ್ಲಿ, ಹಾಗಾಗಿ ಮೊದಲೇ ಸರಿ ಮಾಡದಿದ್ದರೆ ಮಕ್ಕಳ ಕಾಲಕ್ಕೂ ಅದೇ ತಕರಾರು. ಬಿಲ್ಡರ್ ಹತ್ತಿರ ಸಹಿ ಹಾಕಿಸಲು ಮೂರು ತಿಂಗಳು ಹಿಡಿಯಿತು, ಪರವಾಗಿಲ್ಲ.

ವಕೀಲರು ಇನ್ನೊಂದು ವಿಷಯ ತಿಳಿಸಿಕೊಟ್ಟರು. ಮೆಂಟೆನೆನ್ಸ್ ಬಾಕಿ ಇಟ್ಟರೆ ಅದು ಆ ಮನೆಯ ಮೇಲಿನ ಋಣವಾಗುತ್ತದೆ. ತೆರಿಗೆ, ಅಡಮಾನದ ಸಾಲ ಬಿಟ್ಟರೆ ಮೊದಲು ತೀರಬೇಕಾದ್ದು ಅದೇ. ವರ್ಷಗಟ್ಟಲೆ ಕಟ್ಟದ ಎರಡು ಮನೆಗಳಿಗೆ ಇದನ್ನು ಓದಿ ಹೇಳಿದೆವು, ಒಬ್ಬರು ಅದೇ ವಾರ ಕಟ್ಟಿದರು.

ಬೇಜಾರಾಗಿದ್ದು ಫೋನ್ ವಿಚಾರದಲ್ಲಿ. ವಕೀಲರು ಸಂಜೆ ಆರರ ಮುಂಚೆ ಎತ್ತುವುದೇ ಇಲ್ಲ. ರಸೀದಿಯನ್ನೂ ಕೇಳಿ ಪಡೆಯಬೇಕಾಯಿತು. ಕಾಯ್ದೆಯ ಬಗ್ಗೆಯೇ ನನಗೆ ಇನ್ನೂ ದೊಡ್ಡ ಅಸಮಾಧಾನ ಇದೆ. ಕಮಿಟಿ ಲೆಕ್ಕ ಕೊಡದಿದ್ದರೆ ಸಾಮಾನ್ಯ ಮಾಲೀಕರು ಬೇಗ ಹೋಗಿ ಕೇಳುವ ಜಾಗ ಒಂದು ಬೇಕಲ್ವಾ? ಅದಕ್ಕೇ ವರ್ಷಕ್ಕೊಮ್ಮೆ ಆಡಿಟ್ ಕಡ್ಡಾಯ ಅಂತ ಬೈಲಾದಲ್ಲೇ ಬರೆಸಿಕೊಂಡೆವು.

ಐದಕ್ಕೆ ನಾಲ್ಕು ಕೊಡುತ್ತೇನೆ. ನೀವೂ ಹೊರಡುವುದಾದರೆ ಕ್ರಯಪತ್ರಗಳ ಜೊತೆ ಮಂಜೂರಾದ ನಕ್ಷೆಯನ್ನೂ ಒಯ್ಯಿರಿ, ನಾವು ಅದೊಂದಕ್ಕೇ ಎರಡು ಸಲ ಓಡಾಡಿದೆವು.